ಗುಡ್ಡದ ಕಾಳು, ಕೊಣ್ಣೂರಿನ ಕಾಳು

ಫಕೀರವ್ವ ಕೆಲಸಗಳ್ಳಿ. ಕೆಲಸ ಕದ್ದದ್ದನ್ನು ಮುಚ್ಚಲು ಸುಳ್ಳು ಹೇಳುವವಳು. ಇದು ನನ್ನೊಬ್ಬಳ ಅಭಿಪ್ರಾಯವಲ್ಲ. ಲಕ್ಕಲಕಟ್ಟಿಯಲ್ಲಿ ಅವಳ ಪಕ್ಕದ ಸಾಲು ಹಿಡಿದು ಕಸ ತೆಗೆದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ, ಹೇಳಿ ನಗುತ್ತಾರೆ. ನಾನು ನಗುವುದಿಲ್ಲ.

ಅವಳ ಕಳ್ಳತನಕ್ಕೆ ಒಂದು ಪದ್ಧತಿ ಇತ್ತು. ಉಳ್ಳಾಗಡ್ಡಿ ಹೊಲದಲ್ಲಿ ಕಸ ತೆಗೆಯುವಾಗ ಬೇರು ಬಿಟ್ಟು ತಲೆ ಮಾತ್ರ ಚಿವುಟುತ್ತಿದ್ದಳು. ಸಂಜೆ ನೋಡಿದರೆ ಸಾಲು ಸ್ವಚ್ಛ. ಒಂದು ಮಳೆ ಬಿದ್ದರೆ ಅವಳ ಸಾಲು ಯಾವುದೆಂದು ದಾರಿಯಲ್ಲಿ ಹೋಗುವವರಿಗೂ ತಿಳಿಯುತ್ತಿತ್ತು. ಮೆಣಸಿನಕಾಯಿ ಆರಿಸಲು ಕೂತರೆ ಚೀಲದ ಮೇಲೆ ಕೆಂಪು ಕಾಯಿ, ಅಡಿಯಲ್ಲಿ ಬಿಳಿಗಾಯಿ. ಹೊಲದ ಒಡೆಯ ಗುರುಸಂಗಪ್ಪ ಒಮ್ಮೆ ಚೀಲವನ್ನು ಎಲ್ಲರೆದುರು ಬೋರಲು ಹಾಕಿ, "ಏನಬೇ ಇದು?" ಎಂದು ಕೇಳಿದ್ದ. ಅವಳು ಸ್ವಲ್ಪವೂ ನಾಚದೆ, "ದೇವ್ರು ಮ್ಯಾಲಿಂದ ನೋಡತಾನ್ರಿ ಯಜಮಾನ್ರ. ಅವಂಗ ಮ್ಯಾಲಿಂದ ಚಲೋ ಕಂಡ್ರ ಸಾಕು. ನಿಮಗ್ಯಾಕ ಕೆಳಗಿನ ಚಿಂತಿ?" ಎಂದಳಂತೆ. ಆ ಮಾತು ಊರಲ್ಲಿ ಇನ್ನೂ ಓಡಾಡುತ್ತದೆ.

ತವರು ಕೊಣ್ಣೂರು. ಮಲಪ್ರಭೆಯ ದಂಡೆಯ ಮನೆ. ಲಕ್ಕಲಕಟ್ಟಿಯ ಯಮನೂರನಿಗೆ ಕೊಟ್ಟರು. ಅವನು ಗಜೇಂದ್ರಗಡದ ಕಡೆ ಕಲ್ಲು ಒಡೆಯುವ ಕೆಲಸಕ್ಕೆ ಹೋಗುತ್ತಿದ್ದ, ಎದೆಯಲ್ಲಿ ಧೂಳು ತುಂಬಿ ಸತ್ತ. ಮಕ್ಕಳಾಗಲಿಲ್ಲ. ಈಗ ಐವತ್ತು ದಾಟಿದ ಹೆಂಗಸು. ಗಟ್ಟಿ ಮೈ, ಒಳ್ಳೆಯ ಹಲ್ಲು, ಸೊಂಟದಲ್ಲಿ ಸದಾ ಎಲೆ ಅಡಿಕೆಯ ಸಂಚಿ. ದುಡಿಯಲಾರದ ದೇಹವಲ್ಲ. ದುಡಿಯಬಾರದೆಂಬ ನಿರ್ಧಾರ, ಅಷ್ಟೆ.

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾಗಿ ನರೇಗಲ್ಲಿನಲ್ಲಿ ಇದ್ದೇನೆ. ಲಕ್ಕಲಕಟ್ಟಿಯ ಹೆಂಗಸರ ಸಂಘದವರು ಔಷಧಿ ಗಿಡಗಳ ಸಸಿ ಬೆಳೆಸಿ ಮಾರಲು ತೊಡಗಿದಾಗ ಬೀಜದ ವಿಷಯದಲ್ಲಿ ಸಲಹೆ ಕೇಳಿದರು. ಹಾಗಾಗಿ ವಾರಕ್ಕೊಮ್ಮೆ ಹೋಗುತ್ತಿದ್ದೆ. ಅಲ್ಲಿಯ ಉಸ್ತುವಾರಿ ದೇವಿಕಾಳದು. ಪಿಯುಸಿ ಮುಗಿಸಿದವಳು, ಮಾತು ಕಡಿಮೆ, ಕೆಲಸ ಚೊಕ್ಕ. ಗಂಡ ಬೀರಲಿಂಗ ಕೊಯ್ಲಿನ ಯಂತ್ರ ಓಡಿಸುತ್ತ ಊರೂರು ಸುತ್ತುವವನು. ಅವರಿಗೆ ಒಂದೇ ಮಗಳು, ಇನ್ನೂ ಸಾಲೆಗೆ ಹಚ್ಚದ ಕೂಸು. ಹೆಸರು ಅನ್ನಪೂರ್ಣೇಶ್ವರಿ; ಅಷ್ಟುದ್ದದ ಹೆಸರಿನಿಂದ ಯಾರೂ ಕರೆಯುವುದಿಲ್ಲ, ಪೂರ್ಣಿ ಎನ್ನುತ್ತಾರೆ. ಫಕೀರವ್ವ ದೇವಿಕಾಳಿಗೆ ದೂರದ ಸಂಬಂಧದಲ್ಲಿ ಚಿಗವ್ವ, ಚಿಕ್ಕಮ್ಮ. ಕೆಲಸ ಕೊಟ್ಟದ್ದೂ ಆ ಕಾರಣಕ್ಕೇ.

ಆ ವರ್ಷವೂ ಬೇಕಾಗಿದ್ದದ್ದು ಗುಲಗಂಜಿ. ಅದನ್ನು ಕಾಣದವರು ಈ ಭಾಗದಲ್ಲಿ ಯಾರೂ ಇಲ್ಲ. ಪತ್ತಾರರು ಹಿಂದೆ ಬಂಗಾರ ತೂಗುತ್ತಿದ್ದ, ಮಣ್ಣಿನ ಬಸವಣ್ಣನಿಗೆ ಮಕ್ಕಳು ಕಣ್ಣಾಗಿ ಅಂಟಿಸುವ, ಕೆಂಪು ಮೈಯ ಕಪ್ಪು ಮಚ್ಚೆಯ ಕಾಳು. ಬಾಯಿ ಹುಣ್ಣಾದರೆ ಅದರ ಎಲೆ ಅಗಿಯುತ್ತಾರೆ. ಬೇರು ಕೆಮ್ಮಿನ ಔಷಧಿಗೆ ಹೋಗುತ್ತದೆ. ಕಾಳು ಮಾತ್ರ ವಿಷ.

ಆ ವಿಷದ ರೀತಿಯನ್ನು ಇಲ್ಲಿ ಹೇಳಲೇಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಗುಲಗಂಜಿಯ ಸಿಪ್ಪೆ ಕಲ್ಲಿನಂಥದು. ಇಡಿಯ ಕಾಳನ್ನು ನುಂಗಿದರೆ ಹೆಚ್ಚಾಗಿ ಹೋದ ಹಾಗೆಯೇ ಹೊರಗೆ ಬರುತ್ತದೆ, ಏನೂ ಆಗುವುದಿಲ್ಲ. ಸಿಪ್ಪೆ ಒಡೆದಿದ್ದರೆ, ಸವೆದಿದ್ದರೆ, ಒಳಗಿನದು ಹೊಟ್ಟೆಯಲ್ಲಿ ಬಿಡುಗಡೆಯಾಗುತ್ತದೆ. ಆಮೇಲೆ ಯಾರ ಕೈಯಲ್ಲೂ ಹೆಚ್ಚೇನೂ ಉಳಿಯುವುದಿಲ್ಲ. ಆದರೆ ಮೊಳಕೆಗೆ ಬೇಕಾದದ್ದೂ ಅದೇ. ಸಿಪ್ಪೆ ಸವೆಯದೆ ನೀರು ಒಳಗೆ ಹೋಗದು, ನೀರು ಹೋಗದೆ ಕಾಳು ಏಳದು. ಒಂದೇ ಕಾಯಿಯೊಳಗಿನ ಕಾಳುಗಳಲ್ಲಿ ಒಂದು ಮೊದಲ ಮಳೆಗೆ ಎದ್ದರೆ ಇನ್ನೊಂದು ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ. ಸಸಿ ಮಾರುವವರು ಹಾಗೆ ಕಾಯಲಾಗದು. ಅದಕ್ಕೆ ಒಂದೊಂದು ಕಾಳನ್ನೂ ಒರಟು ಕಲ್ಲಿಗೆ ಹಿಡಿದು, ಕಪ್ಪು ಮಚ್ಚೆಯ ಎದುರು ಬದಿಯನ್ನು ಬಿಳಿ ಕಾಣುವವರೆಗೆ ಉಜ್ಜಬೇಕು. ಬೆರಳು ನೋಯುವ ಕೆಲಸ.

ಕಾಳು ಎರಡು ಕಡೆಯಿಂದ ಬಂದಿತ್ತು. ಗಜೇಂದ್ರಗಡದ ಗುಡ್ಡದ ಇಳಿಜಾರಿನಲ್ಲಿ ಆಯ್ದದ್ದು ಸಣ್ಣದು, ಮಬ್ಬುಗೆಂಪು, ಮಚ್ಚೆ ಚಿಕ್ಕದು, ಉಜ್ಜದೆ ಇದ್ದರೆ ಮೊಳೆಯುವ ಮಾತೇ ಇಲ್ಲ. ಕೊಣ್ಣೂರಿನ ಬೇಲಿಗಳಲ್ಲಿ ಆಯ್ದದ್ದು ದಪ್ಪ, ಕೆಂಡದ ಬಣ್ಣ, ಅರ್ಧದಷ್ಟು ಕಪ್ಪು. ನದಿಯ ತೇವದಲ್ಲಿ ಬೆಳೆದ ಅದರ ಸಿಪ್ಪೆ ಕೊಂಚ ಮೆತ್ತಗೆ, ಉಜ್ಜದಿದ್ದರೂ ಕೆಲವು ಏಳುತ್ತವೆ. ಎರಡನ್ನೂ ಒಮ್ಮೆ ನೋಡಿದವರು ಮತ್ತೆ ತಪ್ಪುವುದಿಲ್ಲ. ಕೊಣ್ಣೂರಿನ ಕಾಳು ತಂದವಳು ಫಕೀರವ್ವನೇ, ತವರಿನ ಬೇಲಿಯಿಂದ.

ಹಿಂದಿನ ವರ್ಷ ಅವಳು ಉಜ್ಜಿದ ಗುಡ್ಡದ ಕಾಳಿನ ಟ್ರೇಗಳು ಬರಿದಾಗಿ ಉಳಿದಿದ್ದವು. ದೇವಿಕಾ ಎಲ್ಲರೆದುರು ಕೇಳಿದ್ದಳು.

"ಚಿಗವ್ವಾ, ಎಲ್ಲಾರ ಟ್ರೇದಾಗ ಸಸಿ ಎದ್ದಾವ. ನಿನ್ನ ಟ್ರೇದಾಗ ಬರೇ ಮಣ್ಣ ಐತೆಲ್ಲಾ?"

"ಗುಡ್ಡದ ಕಾಳವ್ವಾ ಅವು. ಭಾಳ ನಿದ್ದಿ ಅವಕ್ಕ."

"ನಿನ್ನಂಗ," ಎಂದಳು ಪಕ್ಕದಲ್ಲಿದ್ದ ಬಾಳವ್ವ. ಎಲ್ಲರೂ ನಕ್ಕರು. ಫಕೀರವ್ವನೂ ನಕ್ಕಳು. ಈ ವರ್ಷ ಒಂದೊಂದು ಕಾಳನ್ನೂ ಉಜ್ಜುವುದಾಗಿ ಗಜೇಂದ್ರಗಡದ ಕಾಲಕಾಲೇಶ್ವರನ ಮೇಲೆ ಆಣೆ ಇಟ್ಟಮೇಲೆಯೇ ದೇವಿಕಾ ಅವಳನ್ನು ಮತ್ತೆ ಕೆಲಸಕ್ಕೆ ಕರೆದದ್ದು.

ಮೃಗಶಿರಾ ಮಳೆ ಇನ್ನೂ ಹಿಡಿದಿರಲಿಲ್ಲ. ಗಾಳಿ ಜೋರಾಗಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆಗಳು ಶೆಡ್ಡಿನ ಬಾಗಿಲಿನಿಂದ ತಿರುಗುವುದು ಕಾಣುತ್ತಿತ್ತು. ಅಂದು ನಾನೂ ಅಲ್ಲಿದ್ದೆ. ಹೆಂಗಸರು ರೊಟ್ಟಿ ತಿನ್ನಲು ಬೇವಿನ ಗಿಡದ ಕೆಳಗೆ ಹೋಗಿದ್ದರು. ದೇವಿಕಾ, ನಾನು ಊಟ ಮುಗಿಸಿ ಶೆಡ್ಡಿಗೆ ಬಂದಾಗ ಫಕೀರವ್ವ ತನ್ನ ಚಾಪೆಯ ಮೇಲೆ ಕಾಲು ಚಾಚಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಮುಂದೆ ಗುಡ್ಡದ ಕಾಳಿನ ಡಬ್ಬಿ, ಮುಚ್ಚಳ ತೆರೆದದ್ದು.

"ಮುಗೀತೇನ ಚಿಗವ್ವಾ ಆ ಡಬ್ಬಿ?"

"ಮುಗೀತವ್ವಾ. ಒಂದೊಂದ ಕಾಳ ಉಜ್ಜೀನಿ. ಬೇಕಾದ್ರ ಬೆರಳ ನೋಡ."

ಅಷ್ಟರಲ್ಲಿ ಪೂರ್ಣಿ ಮೂಲೆಯ ಕೊಡದ ಕಡೆಯಿಂದ ಲೋಟ ಹಿಡಿದುಕೊಂಡು ಬಂದಳು. ಲಂಗದ ಮುಂಭಾಗ ಒದ್ದೆಯಾಗಿತ್ತು. ತಾಯಿಯ ಸೀರೆ ಹಿಡಿದು ಹೇಳಿದಳು.

"ಅವ್ವಾ, ನಾ ಗುಳಿಗಿ ನುಂಗಿದ್ನಿ. ಡಾಕ್ಟರ ಆಟ. ನೀರ ಕುಡದು ನುಂಗಿದ್ನಿ, ಅತ್ತಿಲ್ಲ."

"ಯಾವ ಗುಳಿಗಿ?"

ಕೂಸು ಡಬ್ಬಿಯ ಕಡೆ ಬೆರಳು ತೋರಿಸಿತು.

ದೇವಿಕಾ ಕೂಸಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬಾಯಿ ತೆರೆಸಿ, ನಾಲಿಗೆಯ ಕೆಳಗೆ ಬೆರಳಾಡಿಸಿದಳು. ಬಾಯಲ್ಲಿ ಏನೂ ಇರಲಿಲ್ಲ.

"ಎಷ್ಟ ನುಂಗಿದಿ ನನ್ನವ್ವಾ?"

ಪೂರ್ಣಿ ಎರಡೂ ಕೈ ಎತ್ತಿ ಹತ್ತೂ ಬೆರಳು ತೋರಿಸಿದಳು. ಅದರಿಂದ ತಿಳಿಯುವುದು ಏನೂ ಇರಲಿಲ್ಲ. ಎಷ್ಟು ರೊಟ್ಟಿ ತಿಂದಿ ಎಂದರೂ, ಎಷ್ಟು ಚುಕ್ಕಿ ನೋಡಿದಿ ಎಂದರೂ ಆ ಕೂಸು ಹತ್ತೇ ಬೆರಳು ತೋರಿಸುತ್ತಿತ್ತು.

ದೇವಿಕಾ ತಿರುಗಿ ಫಕೀರವ್ವನನ್ನು ನೋಡಿದಳು. ಫಕೀರವ್ವನ ಕೈಯಲ್ಲಿನ ಎಲೆ ಚಾಪೆಯ ಮೇಲೆ ಬಿದ್ದಿತ್ತು.

"ಇಲ್ಲವ್ವಾ," ಎಂದಳು. "ಉಜ್ಜಿಲ್ಲ. ಆ ಡಬ್ಬ್ಯಾಗ ಒಂದೂ ಉಜ್ಜಿಲ್ಲ. ಖರೇ ಹೇಳತೀನಿ."

"ಈಗರ ಒಂದೊಂದ ಉಜ್ಜೀನಿ ಅಂದಿ."

"ಅದು ಸುಳ್ಳ."

"ಈಗಿಂದು?"

ನಾನು ಡಬ್ಬಿಯನ್ನು ಮೊರದ ಮೇಲೆ ಮೆಲ್ಲಗೆ ಸುರಿದೆ. ಮೇಲಿನ ಒಂದು ಪದರಿನ ಕಾಳುಗಳಿಗೆಲ್ಲ ಬಿಳಿಯ ಗೀರು, ಕ್ರಮವಾಗಿ ಉಜ್ಜಿದ್ದು. ಅದರ ಕೆಳಗೆ ತಳದವರೆಗೆ ಒಂದನ್ನೂ ಮುಟ್ಟಿರಲಿಲ್ಲ. ಮೆಣಸಿನಕಾಯಿ ಚೀಲದ ಲೆಕ್ಕವೇ. ಆದರೆ ಕೂಸಿನ ಕೈ ಡಬ್ಬಿಯ ತಳಕ್ಕೆ ಹೋಗುವುದಿಲ್ಲ. ಮೇಲಿನದನ್ನೇ ಹಿಡಿಯುತ್ತದೆ.

ದೇವಿಕಾಳಿಗೂ ಅದು ಹೊಳೆಯಿತು. ನಾನು ಬಾಯಿ ಬಿಡಬೇಕಾಗಲಿಲ್ಲ.

"ಕೂಸು ನುಂಗಿದಾಗ ಮ್ಯಾಲಿನವು ಇದ್ದಿದ್ದಿಲ್ಲವ್ವಾ," ಫಕೀರವ್ವ ಗಡಿಬಿಡಿಯಿಂದ ಹೇಳಿದಳು. "ನೀವು ಊಟಾ ಮಾಡಿ ಏಳೂದು ಕಂಡು ಆಮ್ಯಾಲ, ಉಜ್ಜಿ ಬ್ಯಾರೆ ಇಟ್ಟಿದ್ದವನ್ನ ಮ್ಯಾಲ ಹಾಕಿದ್ನಿ. ಅದಕ್ಕಿಂತ ಮೊದ್ಲ ನುಂಗೈತಿ ಕೂಸು."

"ನುಂಗೂದ ನೀ ನೋಡಿದೇನ?"

"ನೋಡಿದ್ನಿ."

"ನೋಡಿದ್ರ ಯಾಕ ಬಿಟ್ಟಿ?"

ಫಕೀರವ್ವ ಚಾಪೆಯ ಮೇಲೆ ಬಿದ್ದ ಎಲೆ ಎತ್ತಿ ಸಂಚಿಗೆ ಹಾಕಿಕೊಂಡಳು. ನೋಡಿದ್ದರೆ ಬಿಡುತ್ತಿರಲಿಲ್ಲ. ನೋಡಿರದಿದ್ದರೆ ಕೂಸು ಯಾವಾಗ ನುಂಗಿತೆಂಬುದು ಅವಳಿಗೂ ಗೊತ್ತಿಲ್ಲ. ಇಷ್ಟು ವರ್ಷ ಅವಳ ಕಳ್ಳತನವನ್ನು ಬಯ್ದ ನಾವೆಲ್ಲ ಆ ಹೊತ್ತಿಗೆ ಬಯಸುತ್ತಿದ್ದದ್ದು ಒಂದೇ: ಅವಳು ಕೆಲಸ ಕದ್ದಿರಲಿ. ಆ ಕಾಳುಗಳನ್ನು ಮುಟ್ಟಿರದಿರಲಿ. ಅದನ್ನು ಹೇಳಬಲ್ಲವಳು ಅವಳೊಬ್ಬಳೇ, ಅವಳ ಮಾತಿಗೆ ಗುಲಗಂಜಿಯಷ್ಟೂ ತೂಕವಿರಲಿಲ್ಲ.

ನಜೀರಸಾಬನ ಟಂಟಂ ಬಂತು. ಸಂಘದ ಟ್ರೇಗಳನ್ನು ಸಾಗಿಸುವ ಗಾಡಿ. ದೇವಿಕಾ ಕೂಸನ್ನು ಅವಚಿಕೊಂಡು ಹತ್ತಿದಳು, ನಾನು ಪಕ್ಕದಲ್ಲಿ ಕೂತೆ. ಫಕೀರವ್ವ ಹತ್ತಲು ಬಂದಾಗ ದೇವಿಕಾ, "ನೀ ಬರಬ್ಯಾಡ," ಎಂದಳು. ಅವಳು ದಾರಿಯಲ್ಲೇ ನಿಂತಳು.

ಆ ದಾರಿ ನನಗೆ ಚೆನ್ನಾಗಿ ನೆನಪಿದೆ. ಹೆದರಿಕೆ ಹುಟ್ಟಿಸಿದ್ದು ಕೂಸಿನ ಅಳುವಲ್ಲ. ಅದು ಅಳಲೇ ಇಲ್ಲ. ಟಂಟಂನಲ್ಲಿ ಕೂತದ್ದಕ್ಕೆ ಅದಕ್ಕೆ ಖುಷಿಯಾಗಿತ್ತು. "ನಜೀರ ಕಾಕಾ, ಹಾಡ ಹಚ್ಚು," ಎನ್ನುತ್ತಿತ್ತು. ಈ ವಿಷ ತಡವಾಗಿ ಏಳುತ್ತದೆ. ಮೊದಲ ಹೊತ್ತಿನಲ್ಲಿ ಸಾಯುವ ಕೂಸಿಗೂ ಬದುಕುವ ಕೂಸಿಗೂ ವ್ಯತ್ಯಾಸವಿರುವುದಿಲ್ಲ. ದೇವಿಕಾಳಿಗೆ ಅದನ್ನು ಹೇಳಲಿಲ್ಲ, ಆದರೆ ಅವಳು ನನ್ನ ಮುಖ ನೋಡುತ್ತಿದ್ದಳು.

"ಹಾಡ ಹಚ್ಚಲೇನ್ರಿ ಅಕ್ಕಾರ?" ನಜೀರಸಾಬ ತಿರುಗದೆ ಕೇಳಿದ.

"ಹಚ್ಚು," ಎಂದೆ.

ಅವನು ಹಾಡು ಹಚ್ಚಿ, ಹಾರ್ನಿನ ಮೇಲಿನ ಕೈ ತೆಗೆಯದೆ ಗಾಡಿ ಓಡಿಸಿದ. ಗಜೇಂದ್ರಗಡದಲ್ಲಿ ಕೂಸಿಗೆ ಇದ್ದಿಲಿನ ಪುಡಿ ಕಲಸಿ ಕುಡಿಸಿದರು. ಮಕ್ಕಳ ಡಾಕ್ಟರು ರೋಣದಲ್ಲಿದ್ದಾರೆ, ಅಲ್ಲಿಗೇ ಹೋಗಿ ಎಂದರು. ಅದೇ ಟಂಟಂನಲ್ಲಿ ರೋಣಕ್ಕೆ ಹೋದೆವು. ಪೂರ್ಣಿಯ ತುಟಿ, ಹಲ್ಲು, ಗದ್ದ ಎಲ್ಲ ಕರ್ರಗಾಗಿತ್ತು. ಕೆಂಪು ಲಂಗ, ಕಪ್ಪು ಬಾಯಿ. ಅದೇ ಬಣ್ಣದ ಕಾಳು ನನ್ನ ಕಣ್ಣ ಮುಂದೆ ಬಂತು. ನಾನು ಹೊರಗೆ ನೋಡತೊಡಗಿದೆ.

ರೋಣದ ಡಾಕ್ಟರ ಹೆಸರು ಇಲಿಯಾಸ. ಚಿಕ್ಕ ವಯಸ್ಸು, ಸುಮ್ಮನೆ ಧೈರ್ಯ ಹೇಳದ ಮನುಷ್ಯ. ಅದು ನನಗೆ ಒಪ್ಪಿಗೆಯಾಯಿತು.

"ಕಾಳು ಇಡೀ ಇದ್ವೋ, ಉಜ್ಜಿದ್ದೋ?"

"ಗೊತ್ತಿಲ್ಲ," ಎಂದೆ.

"ಯಾರಿಗೂ ಗೊತ್ತಿಲ್ಲೇನ್ರಿ?"

"ಗೊತ್ತಿರಬೇಕಾದವಳಿಗೂ ಗೊತ್ತಿಲ್ಲ."

ಅವರು ದೇವಿಕಾಳ ಕಡೆ ತಿರುಗಿದರು. "ತಾಯಿ, ಇದಕ್ಕ ಎದುರು ಔಷಧ ಇಲ್ಲ. ನಾವ ಮಾಡೂದೆಲ್ಲಾ ಮಾಡತೀವಿ, ಉಳದದ್ದು ಕಾಯೂದು. ವಾಂತಿ, ಭೇದಿ, ಅದರಾಗ ರಕ್ತ ಕಂಡ್ರ ಲಗೂ ಹೇಳ್ರಿ. ಕೂಸಿಂದ ಹೊರಗ ಬರೂದನ್ನೆಲ್ಲಾ ಚೆಲ್ಲಬ್ಯಾಡ್ರಿ, ತೊಳದು ನೋಡ್ರಿ. ಕಾಳು ಇಡಿಯಾಗಿ ಬಂದ್ರ ಗಂಡಾಂತರ ದಾಟಿದಂಗ."

ದೇವಿಕಾ ತಲೆಯಾಡಿಸಿದಳು. ಅವಳ ಕೈ ಕೂಸಿನ ಹೊಟ್ಟೆಯ ಮೇಲಿತ್ತು. ಅದನ್ನು ತೆಗೆದು ಬೇರೆ ಕೆಲಸಕ್ಕೆ ಹಚ್ಚುವ ಶಕ್ತಿ ಅವಳಲ್ಲಿ ಇರಲಿಲ್ಲವೆಂದು ಎಲ್ಲರಿಗೂ ಕಾಣುತ್ತಿತ್ತು.

ಸಂಜೆಯ ಬಸ್ಸಿಗೆ ಫಕೀರವ್ವ ಬಂದಳು. ಬರಬೇಡ ಎಂದಿದ್ದರೂ ಬಂದಳು. ಬಗಲಲ್ಲಿ ಹಿಟ್ಟಿನ ಸಾಣಿಗೆ, ತೀರ ಸಣ್ಣ ಕಣ್ಣಿನದು, ಅವಳ ಮನೆಯಲ್ಲಿದ್ದ ಒಂದೇ ಒಂದು. ನಜೀರಸಾಬ ಊರಿಗೆ ಹಿಂದಿರುಗಿ ಡಾಕ್ಟರು ಹೇಳಿದ್ದನ್ನು ತಿಳಿಸಿದ್ದನಂತೆ. ದೇವಿಕಾಳನ್ನು ಮಾತಾಡಿಸದೆ ಮಂಚದ ಕೆಳಗಿನ ಪಾತ್ರೆ ಎತ್ತಿಕೊಂಡು ಹಿತ್ತಿಲ ನಳದ ಕಡೆ ಹೋದಳು. ದೇವಿಕಾ ಬೇಡವೆನ್ನಲಿಲ್ಲ.

ಸಂಜೆ ಕೂಸು ಒಮ್ಮೆ ವಾಂತಿ ಮಾಡಿತು. ಕರ್ರಗಿತ್ತು. ಇದ್ದಿಲಿನ ಕಪ್ಪೋ, ಬೇರೆ ಕಪ್ಪೋ ಎಂದು ದೇವಿಕಾ ಅದರಲ್ಲಿ ಬೆರಳು ಅದ್ದಿ ದೀಪಕ್ಕೆ ಹಿಡಿದು ನೋಡಿದಳು. ನರ್ಸು ಬಂದು ಇದ್ದಿಲೇ ಎಂದು ಹೇಳಿದರೂ ಬೆರಳು ಒರೆಸಿಕೊಳ್ಳಲಿಲ್ಲ. ಪೂರ್ಣಿಯ ಆಟ, ಮಾತು ನಿಂತಿದ್ದವು. ಮೈ ಬೆಚ್ಚಗಾಗಿದೆ ಎಂದು ದೇವಿಕಾ, ಇಲ್ಲ ಎಂದು ನರ್ಸು. ನಾನು ಮುಟ್ಟಿ ನೋಡಿದೆ. ನನಗೂ ಬೆಚ್ಚಗೆ ಅನಿಸಿತು. ಅದನ್ನೂ ಹೇಳಲಿಲ್ಲ.

ಫಕೀರವ್ವ ಪಾತ್ರೆ ತಂದಿಟ್ಟಾಗಲೆಲ್ಲ ದೇವಿಕಾ ತಲೆ ಎತ್ತುತ್ತಿದ್ದಳು. ಫಕೀರವ್ವ ತಲೆ ಅಲ್ಲಾಡಿಸುತ್ತಿದ್ದಳು. ಏನೂ ಬಂದಿಲ್ಲ.

"ಖರೇ ಹೇಳ ಚಿಗವ್ವಾ," ದೇವಿಕಾ ಕೊನೆಗೆ ಬಾಯಿ ಬಿಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು. "ನಾ ಬೈಯಂಗಿಲ್ಲ. ಉಜ್ಜಿದ್ದಾವೋ, ಉಜ್ಜಿಲ್ಲೋ?"

"ಉಜ್ಜಿಲ್ಲವ್ವಾ. ನನ್ನ ಗಂಡನ ಮಣ್ಣಾಣಿ."

"ಕಾಲಕಾಲೇಶ್ವರನ ಆಣೀನೂ ಇಟ್ಟಿದ್ದಿ," ಎಂದು ದೇವಿಕಾ ಗೋಡೆಯ ಕಡೆ ತಿರುಗಿದಳು.

ಮರುದಿನ ಮಧ್ಯಾಹ್ನದವರೆಗೂ ಅವಳು ಒಂದು ಹನಿ ನೀರು ಮುಟ್ಟಲಿಲ್ಲ, ಕಣ್ಣು ಮುಚ್ಚಲಿಲ್ಲ. ಡಾಕ್ಟರು ಕೂಸಿನ ರಕ್ತ ತೆಗೆದುಕೊಂಡು ಹೋದರು. ಏನನ್ನೂ ಈಗಲೇ ಹೇಳಲಾಗದು ಎಂದರು. ಬೀರಲಿಂಗ ಬರುವ ದಾರಿಯಲ್ಲಿದ್ದ. ಅವನ ಫೋನು ಬಂದಾಗಲೆಲ್ಲ ದೇವಿಕಾ "ಆರಾಮ ಐತಿ" ಎಂದು ಹೇಳಿ ಇಟ್ಟುಬಿಡುತ್ತಿದ್ದಳು.

ಅವನು ಬಂದು ಮಂಚದ ಬಳಿ ನಿಂತ ಹೊತ್ತಿಗೇ ಫಕೀರವ್ವ ಹಿತ್ತಿಲಿನಿಂದ ಒಳಗೆ ಬಂದಳು. ಸೆರಗು ಒದ್ದೆ. ಬಲಗೈಯನ್ನು ಮುಂದೆ ಚಾಚಿ ಬಿಚ್ಚಿದಳು. ಅಂಗೈಯಲ್ಲಿ ಕೆಂಪು ಕಾಳುಗಳು, ನೀರಿನಲ್ಲಿ ತೊಳೆದು ಹೊಳೆಯುತ್ತಿದ್ದವು.

"ಬಂದ್ವು ನೋಡವ್ವಾ ದೇವೀ. ಎಲ್ಲಾ ಇಡಿ. ಒಂದಕ್ಕೂ ಗೀರಿಲ್ಲ."

ದೇವಿಕಾ ಅವುಗಳನ್ನು ತನ್ನ ಅಂಗೈಗೆ ಹಾಕಿಸಿಕೊಂಡು ಒಂದೊಂದನ್ನೂ ತಿರುಗಿಸಿ ನೋಡಿದಳು. ಗೀರು ಇರಲಿಲ್ಲ. ಅವಳು ಅತ್ತಳು, ಆಮೇಲೆ ನೀರು ಕೇಳಿದಳು. ಊರಿನವರಿಂದ ಫೋನಿನಲ್ಲಿ ಎಲ್ಲ ಕೇಳಿಕೊಂಡಿದ್ದ ಬೀರಲಿಂಗ ಮೊದಲು ಮುಖ ಒರೆಸಿಕೊಂಡು, ನಂತರ ದೊಡ್ಡದಾಗಿ ನಕ್ಕ.

"ಚಿಗವ್ವಾ, ನಿನ್ನ ಮೈಗಳ್ಳತನಕ್ಕ ಕೈ ಮುಗೀಬೇಕು. ನೀ ಒಬ್ಬಾಕಿ ಚಲೋ ಕೆಲಸಗಾರ್ತಿ ಆಗಿದ್ರ ನನ್ನ ಮಗಳ ಗತಿ ಏನ?"

"ಹೌದಲ್ಲೋ," ಫಕೀರವ್ವ ನಕ್ಕಳು. "ನಾ ಯಾವಾಗಿಂದ ಹೇಳಾಕತ್ತೀನಿ, ಯಾರರ ಕೇಳತೀರೇನ?"

ಪಕ್ಕದ ಮಂಚದವರೂ ನಕ್ಕರು. ದೇವಿಕಾ ಕೂಸಿನ ಪಕ್ಕದಲ್ಲಿ ತಲೆ ಇಟ್ಟವಳು ಮಾತಿನ ನಡುವೆಯೇ ನಿದ್ದೆ ಹೋದಳು. ಅವಳ ಮುಷ್ಟಿ ಸಡಿಲಿ ಒಂದು ಕಾಳು ನೆಲಕ್ಕೆ ಉರುಳಿತು. ನಾನು ಬಗ್ಗಿ ಎತ್ತಿಕೊಂಡೆ.

ದಪ್ಪ ಕಾಳು. ಕೆಂಡದ ಬಣ್ಣ. ಅರ್ಧದಷ್ಟು ಕಪ್ಪು.

ಅದು ಕೊಣ್ಣೂರಿನ ಕಾಳು. ಕೂಸು ನುಂಗಿದ ಡಬ್ಬಿಯಲ್ಲಿ ಇದ್ದದ್ದು ಗುಡ್ಡದ ಕಾಳು. ನಾನೇ ಮೊರಕ್ಕೆ ಸುರಿದು ನೋಡಿದ್ದೆ, ಅದರಲ್ಲಿ ಕೊಣ್ಣೂರಿನದು ಒಂದೂ ಇರಲಿಲ್ಲ. ದೇವಿಕಾ ಬೇರೆ ದಿನ ಆಗಿದ್ದರೆ ನನಗಿಂತ ಮೊದಲೇ ಗುರುತಿಸುತ್ತಿದ್ದಳು. ಅಂದು ಅವಳು ಗೀರಿದೆಯೇ ಇಲ್ಲವೇ ಎಂಬುದನ್ನಷ್ಟೇ ನೋಡಿದಳು.

ಫಕೀರವ್ವನನ್ನು ಹೊರಗಿನ ಪಡಸಾಲೆಗೆ ಕರೆದೆ.

"ಸಂಚಿ ತೆಗಿ."

ಅವಳು ನನ್ನನ್ನು ನೋಡಿದಳು, ಸಂಚಿ ಬಿಚ್ಚಿದಳು. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅವುಗಳ ನಡುವೆ ಕೊಣ್ಣೂರಿನ ಕಾಳುಗಳು ಇನ್ನಷ್ಟು. ಹಿಂದಿನ ದಿನಗಳ ಕೆಲಸದಲ್ಲಿ ಉಜ್ಜಲು ಬೇಸರವಾಗಿ ಅಡಗಿಸಿ ಇಟ್ಟುಕೊಂಡಿದ್ದವು. ಕೇಳದೆಯೇ ಗೊತ್ತಾಯಿತು.

"ಕೂಸಿನ ಹೊಟ್ಟೆಯಿಂದ ಏನೂ ಬಂದಿಲ್ಲ," ಎಂದೆ.

"ಇಲ್ರಿ."

"ಕೂಸು ಉಜ್ಜಿದ್ದನ್ನು ನುಂಗಿತೋ, ಉಜ್ಜದ್ದನ್ನು ನುಂಗಿತೋ, ನಿನಗೆ ಗೊತ್ತಿಲ್ಲ."

ಅವಳು ಸಂಚಿಯ ದಾರ ಬೆರಳಿಗೆ ಸುತ್ತಿಕೊಂಡಳು. "ಗೊತ್ತಿಲ್ರಿ ಅಕ್ಕಾರ. ನನಗ ಜಂಪ ಹತ್ತಿತ್ತು. ಕಣ್ಣ ತಗದು ನೋಡಿದ್ರ ನೀವು ಏಳಾಕತ್ತಿದ್ರಿ, ಲಗೂ ಮ್ಯಾಲಿನವು ಹಾಕಿದ್ನಿ. ಕೂಸು ಮೊದ್ಲ ಬಂತೋ ಆಮ್ಯಾಲ ಬಂತೋ, ದೇವ್ರಿಗೇ ಗೊತ್ತು."

"ನಾಳೆ ಕೂಸಿಗೆ ಏನಾದರೂ ಆದರೆ ಆ ತಾಯಿಗೆ ಏನು ಹೇಳುತ್ತೀ?"

"ಆದ್ರ ನಾಳೆ ಆಗತೈತ್ರಿ. ಇವತ್ತ ಆಕಿ ಮಲಗಲಿ."

ನನಗೆ ಸಿಟ್ಟು ಬಂದಿತ್ತು. ಅದೇ ಹಳೆಯ ಕಸುಬು: ಮೇಲೊಂದು ಪದರು ಚೆಂದದ್ದು, ಅಡಿಯಲ್ಲಿ ಏನಿದೆಯೋ ಯಾರು ನೋಡುತ್ತಾರೆ. ಈ ಬಾರಿ ಡಬ್ಬಿಯಲ್ಲಿದ್ದದ್ದು ಒಂದು ಕೂಸು. ನಾನು ನೇರವಾಗಿ ಡಾಕ್ಟರ ಬಳಿ ಹೋಗಿ ಇದ್ದದ್ದನ್ನು ಹೇಳಿದೆ. ಅವರು, ಕೂಸನ್ನು ಕಳಿಸುವುದಿಲ್ಲ, ರಕ್ತ ಮತ್ತೊಮ್ಮೆ ನೋಡಬೇಕೆಂದು ತಾಯಿಗೆ ಹೇಳುತ್ತೇನೆ ಎಂದರು. "ಎಬ್ಬಿಸಬ್ಯಾಡ್ರಿ ಅಕಿನ್ನ," ಎಂದೂ ಸೇರಿಸಿದರು. ನಾನು ಎಬ್ಬಿಸಲಿಲ್ಲ. ಆದರೆ ಆಗಿನಿಂದ ಆ ಹೆದರಿಕೆ ದೇವಿಕಾಳ ಕೈಯಿಂದ ನನ್ನ ಕೈಗೆ ಬಂತು. ಅವಳ ಗಂಡ ಮಿರ್ಚಿ ಭಜಿ ತಂದು ಎಲ್ಲರಿಗೂ ಹಂಚಿದ. ನಾನು ತಿನ್ನಲಾರದೆ ಹಿಡಿದುಕೊಂಡು ಕೂತೆ. ಕೂಸು ಮಲಗಿದಲ್ಲೇ ಒಮ್ಮೆ ಮುಲುಗಿತು. ಬೀರಲಿಂಗ ಅದರ ಕಾಲು ತಟ್ಟಿ ಮಾತು ಮುಂದುವರಿಸಿದ. ಅವನಿಗೆ ಗೊತ್ತಿರಲಿಲ್ಲ.

ರೋಣದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯ ಮನೆ ಇತ್ತು, ಅಲ್ಲಿ ಉಳಿದುಕೊಂಡೆ. ಬೆಳಕು ಹರಿದ ಕೂಡಲೇ ದವಾಖಾನೆಗೆ ಬಂದೆ. ಮುಂಬಾಗಿಲಿನ ಕಸ ಗುಡಿಸುತ್ತಿದ್ದರು, ಹಾಗಾಗಿ ಹಿತ್ತಿಲ ಕಡೆಯಿಂದ ಹೋದೆ.

ಫಕೀರವ್ವ ನಳದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಮುಂದೆ ಕೂಸಿನ ಪಾತ್ರೆ, ಕೈಯಲ್ಲಿ ಆ ಹಿಟ್ಟಿನ ಸಾಣಿಗೆ. ಅದರಲ್ಲಿ ಇನ್ನು ಯಾರೂ ಹಿಟ್ಟು ಜರಡಿ ಹಿಡಿಯುವಂತಿರಲಿಲ್ಲ. ನಳವನ್ನು ಸಣ್ಣಗೆ ಬಿಟ್ಟು, ಸಾಣಿಗೆಯಲ್ಲಿದ್ದದ್ದನ್ನು ಹೆಬ್ಬೆರಳಿನಿಂದ ಚೂರು ಚೂರೇ ತಿಕ್ಕುತ್ತಿದ್ದಳು. ವಾಸನೆ ನಾನು ನಿಂತಲ್ಲಿಗೂ ಬರುತ್ತಿತ್ತು. ಈ ಕೆಲಸ ಮುಗಿಯಿತೆಂದು ತಾಯಿ ತಂದೆ ಇಬ್ಬರೂ ನಂಬಿದ್ದರು, ನಂಬಿಸಿದವಳು ಅವಳೇ. ಯಾರೂ ಅವಳಿಗೆ ಅಲ್ಲಿ ಕೂರು ಎಂದಿರಲಿಲ್ಲ. ಮೇಲಿನಿಂದ ಯಾರೂ ನೋಡುತ್ತಲೂ ಇರಲಿಲ್ಲ.

ಬಳಿ ಹೋದೆ. ನಳದ ಕಟ್ಟೆಯ ಮೇಲೆ ಒಂದು ಎಲೆಯ ತುಂಡಿನಲ್ಲಿ ಐದಾರು ಕಾಳುಗಳಿದ್ದವು. ಸಣ್ಣವು, ಮಬ್ಬುಗೆಂಪು, ಚಿಕ್ಕ ಮಚ್ಚೆ. ಕನ್ನಡಕ ಸರಿ ಮಾಡಿಕೊಂಡು ಒಂದೊಂದನ್ನೂ ತಿರುಗಿಸಿ ನೋಡಿದೆ. ಗುಡ್ಡದ ಕಾಳು. ಮಚ್ಚೆಯ ಎದುರು ಬದಿಯ ಸಿಪ್ಪೆ ನುಣುಪಾಗಿತ್ತು. ಯಾವುದಕ್ಕೂ ಗೀರಿರಲಿಲ್ಲ.

ನಾನು ಕಟ್ಟೆಗೆ ಕೈ ಊರಿ ನಿಂತೆ.

"ಬಂದವಲ್ಲ," ಎಂದೆ. "ಇನ್ನೇಕೆ ಕೂತಿದ್ದೀ? ಏಳು, ಡಾಕ್ಟರಿಗೆ ತೋರಿಸೋಣ."

ಅವಳು ತಲೆ ಎತ್ತಲಿಲ್ಲ.

"ನೀವು ತೋರಿಸ್ರಿ ಅಕ್ಕಾರ. ನಾ ಆಮ್ಯಾಲ ಬರತೀನಿ. ಕೂಸು ಹತ್ತ ಬೆರಳ ತೋರಿಸಿತ್ತಲ್ರಿ."

"ಅದು ಯಾವುದಕ್ಕೂ ಹತ್ತೇ ಬೆರಳು ತೋರಿಸುತ್ತದೆ."

"ಗೊತ್ತೈತ್ರಿ," ಎಂದು ಫಕೀರವ್ವ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಸಾಣಿಗೆಗೆ ಸುರಿದುಕೊಂಡು ಮತ್ತೆ ನಳ ಬಿಟ್ಟಳು.